ಬಸ್ಸು ಬಲಗಡೆಯಿಂದ ಬರುತ್ತೆ ಸ್ವಾಮೀ

ಎರಡು ಕಾಫಿ ನಾಲ್ಕು ಲೋಟಕ್ಕೆ ಹಂಚಿಕೆಯಾಗಿದೆ. ಲೋಟಗಳ ಕೆಳಗೆ ಹೊಸ ಬಸ್ ತಂಗುದಾಣದ ಒಂದು ನಕ್ಷೆ. ಬೆಂಗಳೂರು ಪೇಟೆಯ ಒಂದು ಬೀದಿ, ಬಸ್ಸುಗಳು ಉತ್ತರದಿಂದ ದಕ್ಷಿಣಕ್ಕೆ ಹೋಗೋ ಪಕ್ಕ. ಅಂದ್ರೆ ಕಾಯೋರ ಮುಖ ಪಶ್ಚಿಮಕ್ಕೆ. ನಕ್ಷೆ ಬರೆದವರು ರಾಯರು. ಕಟ್ಟಿಸೋರು ಗೌಡ್ರು. ಸಂಚಾರದ ಲೆಕ್ಕ ವಿಮಲಕ್ಕನದು, ಸ್ಟೇರಿಂಗು ಸಿದ್ದಣ್ಣನದು.

ರಾಯರು: ನೋಡಿ, ಆರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಸ್ಟೇನ್‌ಲೆಸ್ ಸ್ಟೀಲ್ ಕಂಬ. ಚಾವಣಿ ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ.

ಸಿದ್ದಣ್ಣ: ಹಕ್ಕಿ ಚೆನ್ನಾಗಿದೆ. ಜನ ಎಲ್ಲಿ ನಿಲ್ತಾರೆ?

ರಾಯರು: ಒಳಗೆ.

ಸಿದ್ದಣ್ಣ: ಒಳಗೆ ನಾಯಿ ಮಲಗುತ್ತೆ ರಾಯರೇ. ಜನ ರಸ್ತೆ ಮೇಲೆ ನಿಂತು ಬಲಗಡೆಗೆ ಕತ್ತು ಚಾಚ್ತಾರೆ.

ರಾಯರು: ನಮ್ಮ ಜನಕ್ಕೆ ಶಿಸ್ತಿಲ್ಲ ಬಿಡಿ.

ವಿಮಲಕ್ಕ: ಶಿಸ್ತು ಆಮೇಲೆ. ಈ ಬಲಗಡೆ ದಪ್ಪ ಗೆರೆ ಏನದು?

ರಾಯರು: ಜಾಹೀರಾತಿನ ಪ್ಯಾನೆಲ್. ಕಟ್ಟೋ ಖರ್ಚು ಹುಟ್ಟೋದೇ ಅದರಿಂದ. ಬರೋ ಗಾಡಿಯವರ ಕಣ್ಣಿಗೆ ನೇರ ಬೀಳ್ಲಿ ಅಂತ ಆ ಕಡೆ ಇಟ್ಟಿದ್ದೀನಿ.

ವಿಮಲಕ್ಕ: ನಮ್ಮಲ್ಲಿ ಗಾಡಿ ಓಡೋದು ಎಡಕ್ಕೆ. ರಸ್ತೆಗೆ ಮುಖ ಮಾಡಿ ನಿಂತೋರಿಗೆ ಬಸ್ಸು ಬರೋದು ಬಲಗಡೆಯಿಂದ, ಯಾವಾಗಲೂ. ನೀವು ಸರಿಯಾಗಿ ಅಲ್ಲೇ ಗೋಡೆ ಎಬ್ಬಿಸಿದ್ದೀರಿ. ಒಳಗೆ ಕೂತೋರಿಗೆ ಬಸ್ಸಿನ ಬದಲು ಬನಿಯನ್ ಜಾಹೀರಾತು ಕಾಣುತ್ತೆ. ಎದ್ದು ರಸ್ತೆಗಿಳಿಯದೆ ಇನ್ನೇನು ಮಾಡ್ತಾರೆ?

ಸಿದ್ದಣ್ಣ: ಅವರು ರಸ್ತೆಗಿಳಿದ ಮೇಲೆ ನಾನು ಬಸ್ಸನ್ನ ಫುಟ್‌ಪಾತ್ ಅಂಚಿನ ಕರ್ಬ್ ಕಲ್ಲಿನ ಹತ್ರ ತರೋದು ಹೇಗೆ? ಎರಡನೇ ಲೇನಲ್ಲೇ ನಿಲ್ಲಿಸ್ತೀನಿ. ನಾನು ಅಲ್ಲಿ ನಿಲ್ಲಿಸ್ತೀನಿ ಅಂತ ಅವರು ಇನ್ನೆರಡು ಹೆಜ್ಜೆ ಮುಂದೆ ಬರ್ತಾರೆ. ಹೀಗೇ ಹೋದ್ರೆ ಒಂದಿನ ಎದುರುಗಡೆ ಫುಟ್‌ಪಾತಲ್ಲಿ ಹತ್ತಿಸ್ಕೋಬೇಕಾಗುತ್ತೆ.

ವಿಮಲಕ್ಕ: ಗಂಟೆಗೆ 30 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ ಎಂಟು ಮೀಟರ್ ಚಿಲ್ಲರೆ. ನಂಬರ್ ಓದಿ, ಚೀಲ ಎತ್ಕೊಂಡು, ಮಗು ಕೈ ಹಿಡಿದು ಏಳಕ್ಕೆ ಆರು ಸೆಕೆಂಡಾದ್ರೂ ಬೇಕು. ಅಂದ್ರೆ ಕೂತ ಜಾಗದಿಂದ 50 ಮೀಟರ್ ದೂರದ ಬಸ್ಸು ಕಾಣಬೇಕು. ಹತ್ತು ಮೀಟರಿಗೆ 25 ಮಿಲಿಮೀಟರ್ ಅಕ್ಷರ ಅನ್ನೋ ಲೆಕ್ಕದಲ್ಲಿ ಬಸ್ಸಿನ ನಂಬರ್ 125 ಮಿಲಿಮೀಟರ್ ಎತ್ತರ ಇರ್ಬೇಕು. 335 ಅನ್ನೋದು ಹೇಗೋ ಕಾಣುತ್ತೆ, ಅದರ ಬಾಲದಲ್ಲಿರೋ ಅಕ್ಷರ ಕಾಣದೆ ಹತ್ತಿ, ಮುಂದಿನ ಸ್ಟಾಪಲ್ಲಿ ಇಳಿಯೋರೇ ಜಾಸ್ತಿ.

ರಾಯರು: ಪ್ಯಾನೆಲ್ ಎಡಗಡೆಗೆ ಹಾಕ್ಲಾ? ಜಾಹೀರಾತಿನವರು ಕೊರಗ್ತಾರೆ, ಜನ ಅಡ್ಡ ನಿಂತು ಮುಚ್ತಾರೆ ಅಂತ.

ಗೌಡ್ರು: ಕೊರಗ್ಲಿ. ಬಲಗಡೆಗೆ 10 ಮಿಲಿಮೀಟರ್ ಟಫನ್ಡ್ ಗಾಜು ಹಾಕಿ, ಇಲ್ಲಾ ಖಾಲಿ ಬಿಡಿ. ನನ್ನ ಕೇಳಿದ್ರೆ ಖಾಲಿ ಬಿಡಿ. ಗಾಜು ಹಾಕಿದ ವಾರಕ್ಕೆ 'ಪಿ.ಜಿ. ಖಾಲಿ ಇದೆ' ಚೀಟಿ ಅಂಟಿ ಅದೂ ಗೋಡೆಯಾಗುತ್ತೆ.

ರಾಯರು ರಬ್ಬರ್ ತೆಗೆದು ಬಲಗಡೆ ಗೆರೆ ಅಳಿಸಿದರು. ಅಳಿಸೋದು ಅದರೊಂದಿಗೆ ಮುಗಿಯಲಿಲ್ಲ.

ಗೌಡ್ರು: ಮೊದಲು ಬಸ್ ಬೇ ಕೊರೀಬೇಕು. ಫುಟ್‌ಪಾತನ್ನ ಒಳಕ್ಕೆ ಕಡಿದು ಬಸ್ಸು ಒಳಗೆ ಬರೋ ಹಾಗೆ ಮಾಡಿದ್ರೆ ಹಿಂದಿನ ಗಾಡಿಗೆ ತೊಂದ್ರೆ ಇಲ್ಲ.

ಸಿದ್ದಣ್ಣ: ಬೇ ಅಂದ್ರೆ ಆಟೋ ಸ್ಟ್ಯಾಂಡು ಗೌಡ್ರೇ. ಒಳಗೆ ಒಂದು ಆಟೋ, ಒಂದು ಎಳನೀರು ಗಾಡಿ ಇದ್ರೆ ಮುಗೀತು. ನಾನು ಮೂತಿ ಮಾತ್ರ ತೂರಿಸಿ, ಬಾಲ ರಸ್ತೆಯಲ್ಲಿ ಬಿಟ್ಟು ಓರೆಯಾಗಿ ನಿಲ್ಲಿಸ್ತೀನಿ. ಮುಂದಿನ ಬಾಗಿಲು ಕರ್ಬ್ ಪಕ್ಕ, ನಡುವಿನ ಬಾಗಿಲಿಂದ ಇಳಿಯೋರು ನೇರ ಸ್ಕೂಟರ್ ಮುಂದೆ. ಖಾಲಿ ಇದೆ ಅಂತಾನೇ ಇಟ್ಕೊಳ್ಳಿ, ಒಳಗೆ ಹೋದವನಿಗೆ ಹೊರಗೆ ಬರಕ್ಕೆ ಯಾರು ದಾರಿ ಬಿಡ್ತಾರೆ? ಚಕ್ರವ್ಯೂಹ ಅದು. ಅಭಿಮನ್ಯುಗೆ ಹಾರ್ನ್ ಇರ್ಲಿಲ್ಲ, ನಂಗಿದೆ, ಅಷ್ಟೇ ವ್ಯತ್ಯಾಸ.

ವಿಮಲಕ್ಕ: ಜಾಗದ ಲೆಕ್ಕಾನೂ ಕೇಳಿ. 12 ಮೀಟರಿನ ಬಸ್ಸು ಬದಿಗೆ ಸರಿದು, ನೇರವಾಗಿ, ಮತ್ತೆ ಹೊರಗೆ ಬರಬೇಕಾದ್ರೆ ಸಿಗ್ನಲ್ ದಾಟಿದ ತಕ್ಷಣದ ಸ್ಟಾಪಲ್ಲಿ ಸುಮಾರು 27 ಮೀಟರ್ ಖಾಲಿ ಇರ್ಬೇಕು. ಬೀದಿ ನಡುವಿನಲ್ಲಾದ್ರೆ 36. ಬಸ್ಸು ತನ್ನ ಲೇನಲ್ಲೇ ನಿಲ್ಲೋದಾದ್ರೆ 14 ಸಾಕು. ಅದಕ್ಕೆ ಫುಟ್‌ಪಾತನ್ನ ಕಡಿಯೋ ಬದಲು ಹೊರಕ್ಕೆ ಬೆಳೆಸಿ. ಪಾರ್ಕಿಂಗ್ ಪಟ್ಟಿ ಇದೆಯಲ್ಲ, ಎರಡು ಮೀಟರ್, ಅಷ್ಟನ್ನೂ ಫುಟ್‌ಪಾತಿಗೆ ಸೇರಿಸಿ. ಬಸ್ಸು ಬಳುಕೋದೇ ಬೇಡ, ನೇರ ಬಂದು ನೇರ ನಿಲ್ಲುತ್ತೆ.

ಗೌಡ್ರು: ಹಿಂದಿನವರು ಹಾರ್ನ್ ಹೊಡೀತಾರೆ.

ವಿಮಲಕ್ಕ: ಈಗ ಹೊಡೀತಿಲ್ವಾ?

ಗೌಡ್ರಿಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ. ಇನ್ನೊಂದು ಹೊಳೆಯಿತು, ಅದು ಚೆನ್ನಾಗಿಯೇ ಇತ್ತು.

ಗೌಡ್ರು: ನೀವು ಕರ್ಬನ್ನ ಹೊರಕ್ಕೆ ತಂದ್ರೆ ಮಳೆನೀರು ಎಲ್ಲಿ ಹೋಗುತ್ತೆ? ರಸ್ತೆ ಅಂಚಲ್ಲಿ ಹರಿದು ಬರೋ ನೀರು ನಿಮ್ಮ ಹೊಸ ಮೂಲೆಗೆ ಗುದ್ದಿ ಅಲ್ಲೇ ಕೆರೆ ಆಗುತ್ತೆ. ಹಳೇ ಚರಂಡಿ ಬಾಯಿ ಸ್ಟಾಪಿನ ಕೆಳಗೆ ಹೂತೋಗಿರುತ್ತೆ. ನೀರು ಬರೋ ದಿಕ್ಕಿನಲ್ಲಿ, ಈ ಉಬ್ಬು ಶುರುವಾಗೋಕೆ ಮುಂಚೆ, ಹೊಸ ಬಾಯಿ ಒಡೀಬೇಕು. ಅದು ಎಸ್ಟಿಮೇಟಿನಲ್ಲಿ ಇರಲ್ಲ. ಯಾವತ್ತೂ ಇರಲ್ಲ.

ಸಿದ್ದಣ್ಣ: ಕೆರೆ ಅಂದ್ರಲ್ಲ, ಡಾಂಬರಿನಲ್ಲೂ ಕೆರೆ ಆಗುತ್ತೆ. ದಿನಾ ಎಲ್ಲ ಬಸ್ಸೂ ಅದೇ ಎರಡು ಗೆರೆ ಮೇಲೆ ಬ್ರೇಕ್ ಹಾಕುತ್ತೆ, ಅಲ್ಲೇ ಡೀಸೆಲ್ ತೊಟ್ಟಿಕ್ಕುತ್ತೆ.

ಗೌಡ್ರು: ಡೀಸೆಲ್ ಬಿದ್ರೆ ಡಾಂಬರು ಕರಗುತ್ತೆ. ಬಿಸಿಲಿಗೆ ಮೆತ್ತಗಾದಾಗ ಟೈರು ಅದನ್ನ ಚಪಾತಿ ಹಿಟ್ಟಿನ ಥರ ಮುಂದಕ್ಕೆ ನೂಕುತ್ತೆ. ಮುಂದೆ ಉಬ್ಬು, ಹಿಂದೆ ಹಳ್ಳ. ಹಳ್ಳದಲ್ಲಿ ನೀರು, ಆ ನೀರು ಬಿಳಿ ಪ್ಯಾಂಟ್ ಹಾಕಿದೋರ ಮೇಲೆ. ಅದಕ್ಕೆ ಬಸ್ಸು ನಿಲ್ಲೋ ಅಷ್ಟು ಉದ್ದಕ್ಕೂ ಡಾಂಬರು ಬೇಡ, ಕಾಂಕ್ರೀಟ್ ಹಾಸು ಬೇಕು. ಎಂ40 ದರ್ಜೆಯದು, ಕಮ್ಮಿ ಅಂದ್ರೆ 200 ಮಿಲಿಮೀಟರ್ ದಪ್ಪ, ಕೆಳಗೆ ಒಣ ಕಾಂಕ್ರೀಟಿನ ಇನ್ನೊಂದು ಪದರ. ಹಾಕಿದ ಮಾರನೇ ದಿನ ರಿಬ್ಬನ್ ಕತ್ತರಿಸಿ ಬಸ್ಸು ಬಿಟ್ರೆ ನನ್ನ ಕೇಳ್ಬೇಡಿ. ಪೂರ್ತಿ ಗಟ್ಟಿಯಾಗಕ್ಕೆ 28 ದಿನ. ಸಾರ್ವಜನಿಕರಿಗೆ ತೊಂದರೆ ಅಂತ ಐದನೇ ದಿನ ಬಿಡಿಸ್ತಾರೆ, ಐದನೇ ತಿಂಗಳು ಒಡೆದಾಗ ಗೌಡ ಸಿಮೆಂಟ್ ತಿಂದ ಅಂತಾರೆ.

ಈ ಹೊತ್ತಿಗೆ ರಾಯರು ತಮ್ಮ ಹಕ್ಕಿಯನ್ನು ಹೇಗಾದರೂ ಉಳಿಸಿಕೊಳ್ಳಬೇಕು ಅನ್ನೋ ಹಂತಕ್ಕೆ ಬಂದಿದ್ದರು.

ರಾಯರು: ಕೆಳಗಡೆ ಏನಾದ್ರೂ ಮಾಡ್ಕೊಳ್ಳಿ. ಮೇಲೆ ನೆರಳಂತೂ ಕೊಟ್ಟಿದ್ದೀನಿ.

ವಿಮಲಕ್ಕ: ಎಷ್ಟು ಗಂಟೆಗೆ?

ರಾಯರು: ನೆರಳಿಗೆ ಗಂಟೆ ಉಂಟೇ?

ವಿಮಲಕ್ಕ: ಮಧ್ಯಾಹ್ನ ಹನ್ನೆರಡೂವರೆಗೆ ನಿಮ್ಮ ನೆರಳು ಸರಿಯಾಗೇ ಇದೆ. ಆದ್ರೆ ಜನ ತುಂಬೋದು ಸಂಜೆ. ಮಾರ್ಚ್ ತಿಂಗಳ ನಾಲ್ಕೂವರೆಗೆ ಬೆಂಗಳೂರಲ್ಲಿ ಸೂರ್ಯ ನೆಲದಿಂದ ಸುಮಾರು 28 ಡಿಗ್ರಿ ಮೇಲಿರ್ತಾನೆ, ಪಶ್ಚಿಮದಲ್ಲಿ. ನಿಮ್ಮ ಚಾವಣಿ 2.4 ಮೀಟರ್ ಎತ್ತರ. ಅದರ ನೆರಳು ನೆಲದ ಮೇಲೆ ಬೀಳೋದು ನಾಲ್ಕೂವರೆ ಮೀಟರ್ ಹಿಂದೆ.

ಸಿದ್ದಣ್ಣ: ಹಿಂದೆ ಸೀರೆ ಅಂಗಡಿ ಇದೆ.

ವಿಮಲಕ್ಕ: ಅಂಗಡಿ ಮೆಟ್ಟಿಲಿಗೆ ತಂಪು, ಕಾಯೋರಿಗೆ ಕಣ್ಣಿಗೇ ಬಿಸಿಲು.

ಗೌಡ್ರು: ಇವರೊಬ್ಬರೇ ಅಲ್ಲ ಬಿಡಿ. ಲಾಸ್ ಏಂಜಲೀಸ್‌ನಲ್ಲಿ 2023ರಲ್ಲಿ ಬಸ್ ಸ್ಟಾಪಿನ ಕಂಬಕ್ಕೆ ಎರಡಡಿ ಅಗಲದ ತೂತಿನ ತಗಡು ಕಟ್ಟಿ, 'ಲಾ ಸೊಂಬ್ರಿಟಾ' ಅಂತ ನಾಮಕರಣ ಮಾಡಿ ಬೈಸ್ಕೊಂಡ್ರು. ಪುಟ್ಟ ನೆರಳು ಅಂತ ಅರ್ಥ. ನಮ್ಮಜ್ಜಿ ಕೊಡೇನೇ ಅದಕ್ಕಿಂತ ಅಗಲ.

ರಾಯರು: ಹಾಗಾದ್ರೆ ಏನು ಮಾಡ್ಲಿ, ಸೂರ್ಯನ್ನ ಶಿಫ್ಟ್ ಮಾಡ್ಲಾ?

ವಿಮಲಕ್ಕ: ಪಶ್ಚಿಮಕ್ಕೆ ಮುಖ ಮಾಡಿದ ಸ್ಟಾಪಿಗೆ ಚಾವಣಿಯೊಂದನ್ನೇ ನಂಬ್ಬಾರ್ದು. ಎದುರು ಪಕ್ಕದಲ್ಲಿ ಹೊಂಗೆ ಮರ ಇದ್ರೆ ಅದರ ಎದುರಿಗೆ ಸ್ಟಾಪು ಸರಿಸಿ, ಸಂಜೆ ನೆರಳು ತಾನೇ ರಸ್ತೆ ದಾಟಿ ಬರುತ್ತೆ. ಆ ಮರಕ್ಕೆ ಟೆಂಡರ್ ಬೇಡ.

ರಾಯರು: ಮಳೆಗಾದ್ರೂ ಆಗುತ್ತಲ್ಲ ನನ್ನ ಚಾವಣಿ?

ಗೌಡ್ರು: ಮೇ ತಿಂಗಳ ಗಾಳಿಮಳೆ 45 ಡಿಗ್ರಿ ಓರೆಯಲ್ಲಿ ಹೊಡೆದ್ರೆ, 2.4 ಮೀಟರ್ ಎತ್ತರದ ಅಂಚಿನಿಂದ 2.4 ಮೀಟರ್ ಒಳಕ್ಕೆ ನೆಲ ತೋಯುತ್ತೆ. ನಿಮ್ಮ ಚಾವಣಿ ಇರೋದೇ ಒಂದೂವರೆ. ಹೊರಗೆ ನಿಂತ ಹಾಗೇ, ಮೇಲೆ ಹಕ್ಕಿ ಒಂದು ಜಾಸ್ತಿ.

ವಿಮಲಕ್ಕ: ಅಗಲ 2.2 ಮಾಡಿ, ಮುಂದಿನ ಅಂಚು ಸ್ವಲ್ಪ ಇಳಿಸಿ, ಬೆನ್ನಿಗೆ ಹಲಗೆ ಕೊಡಿ. ಪೂರ್ತಿ ಒಣಗಿರಲ್ಲ, ಹಿಂದಿನ ಸಾಲಿನೋರ ಸೊಂಟದ ಮೇಲಾದ್ರೂ ಉಳಿಯುತ್ತೆ. ಬೆನ್ನಿನ ಹಲಗೇನ ನೆಲದಿಂದ 150 ಮಿಲಿಮೀಟರ್ ಮೇಲೆ ನಿಲ್ಲಿಸಿ, ಇಲ್ಲಾಂದ್ರೆ ಕಸ ಗುಡಿಸಕ್ಕೆ ಬರಲ್ಲ.

ಸಿದ್ದಣ್ಣ: ಚಾವಣಿ ಅಂಚು ಕರ್ಬಿಂದ 600 ಮಿಲಿಮೀಟರ್ ಹಿಂದೆ ಇರ್ಲಿ ಮಾರಾಯ್ರೇ. ರಸ್ತೆ ಅಂಚಿನ ಕಡೆ ವಾಲಿರುತ್ತೆ. ಎರಡೂವರೆ ಪರ್ಸೆಂಟ್ ಇಳಿಜಾರಿದ್ರೆ ಮೂರು ಮೀಟರ್ ಚಿಲ್ಲರೆ ಎತ್ತರದ ಬಸ್ಸಿನ ತಲೆ ಎಂಟು ಸೆಂಟಿಮೀಟರ್ ಫುಟ್‌ಪಾತ್ ಕಡೆ ಬಾಗುತ್ತೆ. ಕನ್ನಡಿ ಬೇರೆ ಹೊರಗಿರುತ್ತೆ. ಹಕ್ಕಿ ರೆಕ್ಕೆ ಮುರಿದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ.

ವಿಮಲಕ್ಕ: ಕೂಡಿಸಿ ನೋಡಿ. ಅಂಚಿಗೆ 0.6, ಚಾವಣಿಗೆ 2.2, ಹಿಂದೆ ನಡೆಯೋರಿಗೆ 1.8. ಒಟ್ಟು 4.6. ಮೂರು ಮೀಟರ್ ಫುಟ್‌ಪಾತು, ಬೆಳೆಸಿದ್ದು ಎರಡು. ಐದರಲ್ಲಿ ಕೂರುತ್ತೆ. ಫುಟ್‌ಪಾತ್ ಬೆಳೆಸದೆ ಇದನ್ನ ಇಟ್ರೆ ನಡೆಯೋರು ರಸ್ತೆಗೆ. ಕಾಯೋರು ಮೊದಲೇ ಅಲ್ಲಿದ್ದಾರೆ, ಜೊತೆಯಾಗುತ್ತೆ.

ರಾಯರು: ನೀರು ಇಳಿಯೋ ಕೊಳವೆ ಕಂಬದೊಳಗೇ ಬಚ್ಚಿಟ್ಟಿದ್ದೀನಿ. 50 ಮಿಲಿಮೀಟರ್. ಹೊರಗೆ ಕಾಣೋದೇ ಇಲ್ಲ.

ಗೌಡ್ರು: ಕಟ್ಟಿಕೊಂಡಾಗಲೂ ಕಾಣಲ್ಲ. ಆರು ಮೀಟರಿಗೆ 2.2 ಮೀಟರ್ ಚಾವಣಿ, ಗಂಟೆಗೆ 60 ಮಿಲಿಮೀಟರ್ ಮಳೆ ಅಂದ್ರೆ ಸುಮಾರು 800 ಲೀಟರು. ನಿಮಿಷಕ್ಕೊಂದು ಕೊಡ ನೀರು. ಅಷ್ಟಕ್ಕೆ ನಿಮ್ಮ ಕೊಳವೆ ಸಾಕು, ಎಲೆ ಬೀಳದೇ ಇದ್ರೆ. ಜಕರಂಡದ ಕಿರು ಎಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಜಾಲರಿ ಇಟ್ರೂ ನುಸುಳಿ ಕೊಳವೆ ಬಾಯಲ್ಲಿ ಚಾಪೆ ಹೆಣೆಯುತ್ತೆ. ಕಂಬದೊಳಗೆ ಕಡ್ಡಿ ಹಾಕಕ್ಕೂ ಆಗಲ್ಲ. ಹಿಂದುಗಡೆ ತೆರೆದ ದೋಣಿ, ಕೈ ಹೋಗೋ ಅಷ್ಟು, 150 ಮಿಲಿಮೀಟರ್ ಅಗಲ. ಹೊರಗೆ 100 ಮಿಲಿಮೀಟರ್ ಕೊಳವೆ, ಅದು ತಿರುಗೋ ಕಡೆ ಬಿಚ್ಚೋ ಮುಚ್ಚಳ. ನೀರು ನೇರ ಚರಂಡಿಗೆ, ಫುಟ್‌ಪಾತಿಗಲ್ಲ.

ರಾಯರು: ಕಂಬಾನಾದ್ರೂ ಇರ್ಲಾ?

ಗೌಡ್ರು: ಪಾಯ ಎಲ್ಲಿ ತೋಡ್ತೀರಿ? ಫುಟ್‌ಪಾತ್ ಕೆಳಗೆ ನೀರಿನ ಪೈಪು, ಕರೆಂಟ್ ಕೇಬಲ್ಲು, ಯಾರದು ಅಂತ ಯಾರೂ ಒಪ್ಪಿಕೊಳ್ಳದ ಕೇಬಲ್ಲು ಮೂರು. ನಕ್ಷೆ ಬರೆಯೋಕೆ ಮುಂಚೆ ಒಂದು ಮೀಟರ್ ಆಳ ಕೈಯಲ್ಲಿ ಗುಂಡಿ ತೋಡಿ ನೋಡ್ಬೇಕು, ಜೆಸಿಬಿ ಬೇಡ. ಆಳ ಸಿಗದೇ ಇದ್ರೆ ಅಗಲದ ತೆಳು ಹಾಸುಪಾಯ. ಇನ್ನು ಬುಡದ ಬೋಲ್ಟು ಮಾಮೂಲಿ ನಟ್ಟಲ್ಲಿ ಬಿಗಿದು ಬಿಟ್ರೆ ಅಷ್ಟೇ. 2023ರಲ್ಲಿ ಕನಿಂಗ್‌ಹ್ಯಾಮ್ ರಸ್ತೆಯ ಹತ್ತು ಲಕ್ಷದ ತಂಗುದಾಣವೇ ಕಾಣೆಯಾಗಿದೆ ಅಂತ ಪೊಲೀಸ್ ದೂರು ದಾಖಲಾಗಿ ಊರೆಲ್ಲ ನಕ್ಕಿತ್ತಲ್ಲ. ಬಿಚ್ಚಿದ್ದು ಯಾರೇ ಇರ್ಲಿ, ಸ್ಪ್ಯಾನರಲ್ಲಿ ಬಿಚ್ಚಿ ಹೊತ್ತೊಯ್ಯೋ ಹಾಗೆ ಇತ್ತು ಅನ್ನಿ. ಬಿಗಿದಾಗ ತಲೆ ಮುರಿದು ಬೀಳೋ ನಟ್ಟು ಹಾಕಿ, ಮೇಲೆ ಕಾಂಕ್ರೀಟಲ್ಲಿ ಮುಚ್ಚಬೇಕು.

ಸಿದ್ದಣ್ಣ: ಬೆಂಚಿಗೂ ಸ್ಟೀಲ್ ಪೈಪಾ? ಬಿಸಿಲಿಗೆ ಕಾದ್ರೆ ದೋಸೆ ಹುಯ್ಯಬಹುದು.

ಗೌಡ್ರು: ಸಾದರಹಳ್ಳಿ ಕಲ್ಲು. 50 ಮಿಲಿಮೀಟರ್ ದಪ್ಪದ ಚಪ್ಪಡಿ, ನೆಲದಿಂದ 450 ಎತ್ತರ. ಅದನ್ನ ಕದ್ದೋನಿಗೆ ಸೊಂಟ ನೋವೇ ಶಿಕ್ಷೆ. ಅರ್ಧ ಉದ್ದಕ್ಕೆ ಮಾತ್ರ ಹಾಕಿ, ವಯಸ್ಸಾದವರು ಒತ್ತು ಕೊಟ್ಟು ಏಳಕ್ಕೆ ಎರಡು ಹಿಡಿಕೆ ಇರ್ಲಿ. ಉಳಿದ ಕಡೆ 700 ಎತ್ತರದಲ್ಲಿ ಒರಗೋ ಪಟ್ಟಿ.

ವಿಮಲಕ್ಕ: ಬೆಂಚಿನ ಪಕ್ಕ ಒಂದು ಮೀಟರ್ ಖಾಲಿ ಬಿಡಿ, ಗಾಲಿಕುರ್ಚಿಗೆ. ಎಡತುದಿಯಲ್ಲಿ ಎರಡು ಮೀಟರ್ ಹೂ ಮಾರೋರಿಗೆ.

ರಾಯರು: ಹೂ ಮಾರೋರಿಗೆ ನಾನ್ಯಾಕೆ ಜಾಗ ಬರೀಬೇಕು?

ವಿಮಲಕ್ಕ: ನೀವು ಬರೀದೇ ಇದ್ರೂ ಬರ್ತಾರೆ, ನಡುವೆ ಕೂರ್ತಾರೆ. ಬರೆದ್ರೆ ಎಡಕ್ಕೆ ಕೂರ್ತಾರೆ. ರಾತ್ರಿ ಒಂಬತ್ತಕ್ಕೆ ಒಬ್ಬಳೇ ಹುಡುಗಿ ಕಾಯ್ತಾ ಇದ್ರೆ, ನಿಮ್ಮ ಸಿಸಿಟಿವಿಗಿಂತ ಆ ಹೂವಿನಮ್ಮನೇ ವಾಸಿ. ಮತ್ತೆ ಆರು ಮೀಟರ್ ಉದ್ದ ಸಾಲಲ್ಲ. ಒಂದು ಚದರ ಮೀಟರಿಗೆ ಇಬ್ಬರು ಅಂದ್ರೆ ಇದರಲ್ಲಿ ಹಿಡಿಯೋದು 26 ಜನ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಗುಂಪೇ ಅಷ್ಟಿರುತ್ತೆ. ಎರಡು ಮಾಡಿ, ನಡುವೆ ಜಾಗ ಬಿಡಿ. ಎರಡು ಬಸ್ಸು ಒಟ್ಟಿಗೆ ಬಂದೇ ಬರುತ್ತೆ. ಒಂದಕ್ಕೆ ನಿಲ್ಲಕ್ಕೆ 30 ಸೆಕೆಂಡು, ಜಾಗ ಬಿಡಕ್ಕೆ 15 ಅಂದ್ರೆ ಕಾಗದದ ಮೇಲೆ ಗಂಟೆಗೆ 80 ಬಸ್ಸು. ಸಿಗ್ನಲ್ಲು, ಹಿಂಡು ಕಟ್ಟಿಕೊಂಡು ಬರೋದು ಎಲ್ಲ ಸೇರಿದ್ರೆ ಅದರ ಅರ್ಧ.

ಸಿದ್ದಣ್ಣ: ಅರ್ಧ ಗಂಟೆ ಒಂದೂ ಇಲ್ಲ, ಆಮೇಲೆ ಮೂರು ಒಟ್ಟಿಗೆ. ನಮ್ಮಲ್ಲಿ ಒಗ್ಗಟ್ಟು ಜಾಸ್ತಿ.

ರಾಯರು: ಸೋಲಾರ್ ಹಾಕಿದ್ದೀನಿ, ಅದರ ಬಗ್ಗೆ ಯಾರೂ ಮಾತಾಡ್ಲಿಲ್ಲ. 100 ವಾಟಿನ ಪ್ಯಾನೆಲ್ಲು. ದೀಪ, ಬಸ್ಸಿನ ಸಮಯ ತೋರಿಸೋ ಬೋರ್ಡು, ಎರಡೂ ಅದರ ಮೇಲೆ.

ವಿಮಲಕ್ಕ: 40 ವಾಟಿನ ಬೋರ್ಡು 16 ಗಂಟೆ ಉರಿದ್ರೆ 640 ವಾಟ್-ಅವರ್. ದೀಪ 20 ವಾಟು, ಆರು ಗಂಟೆ, 120. ಬಯಲಲ್ಲಿದ್ರೂ ನಿಮ್ಮ ಪ್ಯಾನೆಲ್ ದಿನಕ್ಕೆ ಕೊಡೋದು ನಾನೂರು ಚಿಲ್ಲರೆ. ಇದಿರೋದು ಮರದ ಕೆಳಗೆ. ದೀಪಕ್ಕೆ ಸೋಲಾರ್ ಇರ್ಲಿ, ಬೋರ್ಡಿಗೆ ಲೈನ್ ಎಳೀರಿ. ಎಳೆಯಕ್ಕಾಗಲ್ವಾ, ಬೋರ್ಡು ಬೇಡ, ಮಾರ್ಗದ ಪಟ್ಟಿ ದೊಡ್ಡಕ್ಷರದಲ್ಲಿ ಬರೆಸಿ. ಸತ್ತ ಬೋರ್ಡಿಗಿಂತ ಬಣ್ಣದ ಬರಹ ಮೇಲು.

ರಾಯರು: ಅಕ್ಷರ ಇಂಗ್ಲಿಷಿನಷ್ಟೇ ಎತ್ತರ ಕೊಟ್ಟಿದ್ದೀನಿ ಕನ್ನಡಕ್ಕೂ.

ವಿಮಲಕ್ಕ: ಅದೇ ತಪ್ಪು. 'ಮಲ್ಲೇಶ್ವರಂ' ಬರೆದು ನೋಡಿ. ಎರಡು ಒತ್ತು ಕೆಳಗೆ ಇಳಿಯುತ್ತೆ, ಒಂದು ದೀರ್ಘ ಪಕ್ಕಕ್ಕೆ ಚಾಚುತ್ತೆ. ಅಷ್ಟನ್ನೂ ಅದೇ ಎತ್ತರದಲ್ಲಿ ತುರುಕಿದ್ರೆ 'ಮ' ಕಡಲೆಕಾಳಷ್ಟಾಗುತ್ತೆ. 'ಮ' ಎಷ್ಟು ದೊಡ್ಡದಿರ್ಬೇಕು ಅಂತ ಮೊದಲು ತೀರ್ಮಾನ ಮಾಡಿ, ಒತ್ತಿಗೆ ಕೆಳಗೆ ಬೇರೆ ಜಾಗ ಬಿಡಿ.

ಸಿದ್ದಣ್ಣ: ಅಂದಹಾಗೆ, ಈ ಸ್ಟಾಪಿನ ಹೆಸರು ಎಲ್ಲಿ?

ಎಲ್ಲರೂ ನಕ್ಷೆಯ ಮೇಲೆ ಬಗ್ಗಿದರು. ಚಾವಣಿಯ ಹಣೆಪಟ್ಟಿಯ ಉದ್ದಕ್ಕೂ 'ಮಾನ್ಯ ಶಾಸಕರ ಅನುದಾನದಲ್ಲಿ' ಅಂತ ಇತ್ತು. ಪಕ್ಕದಲ್ಲಿ ಫೋಟೋಕ್ಕೆ ಒಂದು ಮೀಟರ್ ಚೌಕ. ಹೆಸರು ಇರಲಿಲ್ಲ.

ಗೌಡ್ರು: ಹೊರ ಊರಿನೋರು 'ಒಂದು ಅನುದಾನ ಕೊಡಿ' ಅಂತ ಟಿಕೆಟ್ ಕೇಳ್ತಾರೆ.

ರಾಯರು: ಹಣೆ ಮೇಲೆ ಸ್ಟಾಪಿನ ಹೆಸರು ಹಾಕ್ತೀನಿ. ಆದ್ರೆ ಫೋಟೋ ತೆಗೆಯಕ್ಕಾಗಲ್ಲ, ತೆಗೆದ್ರೆ ಸ್ಟಾಪೇ ಇರಲ್ಲ. ಎಲ್ಲಿ ಹಾಕ್ಲಿ ಹೇಳಿ.

ವಿಮಲಕ್ಕ: ಎಡಗಡೆ.