ಪದ ಬೇಕಾಗಿದೆ: ‘ಫಿಶ್‌ಟೇಲ್ ಪಾಮ್’ಗೆ ಕನ್ನಡದಲ್ಲಿ ಏನೆನ್ನುವುದು?

ಬೆಂಗಳೂರಿನಿಂದ:
ಸಸ್ಯತೋಟವೊಂದರ ಫಲಕಗಳನ್ನು ಕನ್ನಡಿಸುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಮರ ಫಿಶ್‌ಟೇಲ್ ಪಾಮ್, ಅಂದರೆ ಕ್ಯಾರಿಯೋಟ ಯುರೆನ್ಸ್. ಕರಡಿನಲ್ಲಿ ‘ಮೀನುಬಾಲದ ತಾಳೆ’ ಎಂದಿದೆ. ‘ಮಾನೋಕಾರ್ಪಿಕ್’ (ಹೂಬಿಡುವ ಹಂತ ಒಮ್ಮೆ ಮುಗಿದರೆ ಸಾಯುವ ಗಿಡ) ಎಂಬುದಕ್ಕೆ ‘ಏಕಫಲಿ’ ಆದೀತೇ? ಬೆಳೆಸುವ ಕ್ರಮದಲ್ಲಿ ‘ಬೀಜಾಂಕುರಣಪೂರ್ವ ಸಂಸ್ಕರಣೆ ಅಗತ್ಯ’ ಎಂಬ ಸಾಲೂ ಇದೆ. ನಾಳೆ ಸಂಜೆಯೊಳಗೆ ಬರೆಯುವವರ ಕೈಗೆ ಕೊಡಬೇಕು.

ಪುತ್ತೂರಿನಿಂದ:
ಮರಕ್ಕೆ ಹೆಸರಿದೆ. ನಮ್ಮಲ್ಲಿ ಬೈನೆ, ಮಲೆನಾಡಿನ ಹಲವೆಡೆ ಬಗನಿ. ಕಳ್ಳು ಇಳಿಸಿದವರಿಗೂ ಆನೆಗೆ ಸೊಪ್ಪು ಕಡಿದು ಹಾಕುವ ಮಾವುತರಿಗೂ ಗೊತ್ತಿರುವ ಹೆಸರನ್ನು ಬಿಟ್ಟು ಮೀನಿನ ಬಾಲ ಹಿಡಿಯುವುದೇಕೆ? ‘ತಾಳೆ’ ಎಂದೊಡನೆ ಜನರಿಗೆ ನೆನಪಾಗುವುದು ತಾಟಿನುಂಗಿನ ಮರ, ಇಲ್ಲವೇ ಎಣ್ಣೆಯ ತಾಳೆ. ಬೈನೆಯ ಗರಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ: ನಡುದಿಂಡಿನಿಂದ ಕವಲು, ಆ ಕವಲಿನ ಮೇಲೆ ತುದಿ ಹರಿದಂತಿರುವ ಮುಕ್ಕೋನದ ಎಲೆಗಳು. ಹೀಗೆ ಎರಡು ಸಲ ಕವಲೊಡೆಯುವ ಗರಿ ಕ್ಯಾರಿಯೋಟ ಕುಲವನ್ನು ಬಿಟ್ಟರೆ ತಾಳೆಯ ಬಳಗದಲ್ಲಿ ಬೇರೆಲ್ಲೂ ಇಲ್ಲ. ಇಂಗ್ಲಿಷಿನವರು ಆ ಕುಲದ ಎಲ್ಲ ಮರಗಳನ್ನೂ ಫಿಶ್‌ಟೇಲ್ ಎನ್ನುತ್ತಾರೆ; ಬುಡದಲ್ಲಿ ಮರಿ ಒಡೆದು ಗುಂಪಾಗಿ ಬೆಳೆಯುವ ಕುಂಡದ ಗಿಡವೂ ಅದರಲ್ಲಿ ಸೇರಿದೆ. ಬೈನೆ ಒಂಟಿ ಕಾಂಡದ ಮರ, ಮರಿ ಹಾಕುವುದಿಲ್ಲ.

‘ಏಕಫಲಿ’ ಎಂದರೆ ಒಂದೇ ಕಾಯಿ ಬಿಡುವುದು ಎಂದಾಗುತ್ತದೆ. ಇದು ಮೊದಲು ನೆತ್ತಿಯಲ್ಲಿ ಹೂಗೊನೆ ಬಿಟ್ಟು, ವರ್ಷ ವರ್ಷ ಕೆಳಕೆಳಗಿನ ಗೆಣ್ಣುಗಳಲ್ಲಿ ಬಿಡುತ್ತ ಬರುವ ಮರ. ‘ಕೊನೆಯ ಗೊನೆ ಮುಗಿದ ಮೇಲೆ ಮರ ಸಾಯುತ್ತದೆ’ ಎಂದು ಬರೆಸಿ. ಮನೆಯ ಗೋಡೆಗೆ ಒತ್ತಿ ನೆಡಬಾರದೆಂಬುದೂ ಅದರಲ್ಲೇ ತಿಳಿಯುತ್ತದೆ.

ಧಾರವಾಡದಿಂದ:
‘ತಾಳೆ’ಯೇ ಸಂಸ್ಕೃತದ ಎರವಲು. ನಮ್ಮದು ‘ಪನೆ’, ತಮಿಳಿನ ಪನೈ, ಮಲಯಾಳದ ಪನ ನೋಡಿ. ಇನ್ನು ಬಗನಿ ಬಂದದ್ದು ‘ಬಗಿ’ ಧಾತುವಿನಿಂದ. ಕಾಂಡವನ್ನು ಬಗಿದು ತಿರುಳಿನಿಂದ ಹಿಟ್ಟು ಮಾಡುತ್ತಿದ್ದರು. ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಸಿರಸಿಯಿಂದ:
ಎಡೆ ಬೇಕಾದಷ್ಟಿದೆ. ಸೀಳಿದ್ದಕ್ಕೆಲ್ಲ ಆ ಹೆಸರು ಬರುವುದಾದರೆ ದಿನವೂ ದಬ್ಬೆ ಸೀಳುವ ಅಡಕೆ ಮರ ಮೊದಲು ಬಗನಿಯಾಗಬೇಕಿತ್ತು. ‘ಪನೆ’ಯನ್ನು ಫಲಕಕ್ಕೆ ಏರಿಸುವ ಮೊದಲು ಸಂತೆಯಲ್ಲಿ ಯಾರಾದರೂ ಅದನ್ನು ಆಡುತ್ತಾರೆಯೇ ನೋಡಿ.

ಬೆಂಗಳೂರಿನವರೇ, ಆ ‘ಸಂಸ್ಕರಣೆ’ಯ ಸಾಲನ್ನು ಅಳಿಸಿ. ಬೇಕಾದದ್ದು ಇಷ್ಟು: ‘ಹಣ್ಣನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ತೊಟ್ಟು ತಿರುಳು ಕಳೆದು, ಬೀಜ ಒಣಗುವ ಮೊದಲೇ ಆಳದ ಚೀಲದಲ್ಲಿ ಊರಿ. ಮೊಳೆಯಲು ತಿಂಗಳುಗಳು ಹಿಡಿಯುತ್ತವೆ. ತೇವ ಆರಬಾರದು, ನೀರು ನಿಲ್ಲಬಾರದು. ಎಳೆಯ ಸಸಿಗೆ ನೆರಳು ಬೇಕು.’ ಕೈಗವಸಿನ ಮಾತನ್ನು ಯಾವ ಕಾರಣಕ್ಕೂ ಬಿಡಬೇಡಿ. ತಿರುಳಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ, ತುರಿಕೆ ಹೇಳತೀರದು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕೊಟ್ಟ ‘ಯುರೆನ್ಸ್’ ಎಂಬ ಹೆಸರಿನ ಅರ್ಥವೂ ಉರಿಸುವುದು ಎಂದೇ.

ಮೈಸೂರಿನಿಂದ:
ಬೈನೆ ಎಂದರೆ ಬಯಲುಸೀಮೆಯವರಿಗೆ ತಿಳಿಯುವುದಿಲ್ಲ. ಶಾಸ್ತ್ರದ ಫಲಕಕ್ಕೆ ‘ಮತ್ಸ್ಯಪುಚ್ಛ ತಾಳ’ ಗಂಭೀರವಾಗಿದೆ.

ಪುತ್ತೂರಿನಿಂದ:
ಅದು ಬಯಲುಸೀಮೆಯವರಿಗೆ ತಿಳಿಯುತ್ತದೆಯೋ?

ಧಾರವಾಡದಿಂದ:
ಸಂಸ್ಕೃತವಿಲ್ಲದೆ ಫಲಕ ನಿಲ್ಲುವುದಿಲ್ಲ ಎನ್ನುವವರಿಗೆ ‘ಪಾಮ್’ ಎಂದು ಬರೆಯಲು ಏಕೆ ಮುಜುಗರ? ಎರಡೂ ಎರವಲೇ ತಾನೆ?

ಬೆಂಗಳೂರಿನಿಂದ:
‘ಬೈನೆ’ ದೊಡ್ಡದಾಗಿ, ‘ಬಗನಿ’ ಅದರ ಕೆಳಗೆ. ಸಿರಸಿಯವರ ಸಾಲುಗಳನ್ನು ಹಾಗೆಯೇ ಕಳುಹಿಸಿದ್ದೇನೆ. ಎರವಲಿನ ಜಗಳವನ್ನು ದಯವಿಟ್ಟು ಬೇರೆ ತಲೆಬರಹದಡಿ ಮುಂದುವರಿಸಿ.

ಮೈಸೂರಿನಿಂದ:
‘ದಯವಿಟ್ಟು’ ಎಂಬುದರಲ್ಲಿರುವ ‘ದಯೆ’ ಯಾವ ಭಾಷೆಯದು ಎಂದು ಧಾರವಾಡದವರು ಮೊದಲು ಹೇಳಲಿ.