‘ಸಾಬೀತಾಗಿಲ್ಲ’ ಅಂದರೆ ಸಾಕೇ?

ಗೆಳೆಯರೇ, ಸ್ಕಾಟ್ಲೆಂಡಿನ ಒಂದು ಬಡ ಹಳ್ಳಿಯಲ್ಲಿ ನಡೆಯುವ ಕೊಲೆಯ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಾಲ 1860ರ ದಶಕ. ಒಂದು ಪದ ಎರಡು ವಾರದಿಂದ ನನ್ನನ್ನು ಬಿಡುತ್ತಿಲ್ಲ.

ಆಗ ಅಲ್ಲಿನ ಜ್ಯೂರಿಯಲ್ಲಿ 15 ಜನ. ಅವರು ಕೊಡಬಹುದಾದ ತೀರ್ಪು ಮೂರು: ಗಿಲ್ಟಿ, ನಾಟ್ ಗಿಲ್ಟಿ, ನಾಟ್ ಪ್ರೂವನ್. ಅಪರಾಧಿ, ನಿರಪರಾಧಿ ಅಂತ ಮೊದಲೆರಡನ್ನು ಬರೆದಾಯಿತು. ಮೂರನೆಯದಕ್ಕೆ ಸುಮ್ನೆ ‘ಸಾಬೀತಾಗಿಲ್ಲ’ ಅಂತ ಹಾಕಿದೆ. ತಿರುಗಿ ಓದಿದಾಗ ವಿಶೇಷವೇ ಹೋಗಿಬಿಟ್ಟಿತ್ತು. ‘ಆರೋಪ ಸಾಬೀತಾಗದ ಕಾರಣ ಖುಲಾಸೆ’ ಅಂತ ನಾವು ದಿನಾ ಪತ್ರಿಕೆಯಲ್ಲಿ ಓದುತ್ತೇವೆ, ಅಲ್ವಾ? ನಮಗೆ ಅದು ಮಾಮೂಲಿ ಬಿಡುಗಡೆಯ ಮಾತು. ಹಾಗಾಗಿ ಎರಡನೆಯ ತೀರ್ಪೂ ಮೂರನೆಯದೂ ಕನ್ನಡದಲ್ಲಿ ಒಂದೇ ಆಗಿ ಕೇಳಿಸುತ್ತವೆ.

ಅಲ್ಲಿ ಅವು ಒಂದೇ ಆಗಿರಲಿಲ್ಲ. 1857ರಲ್ಲಿ ಪ್ರಿಯಕರನಿಗೆ ವಿಷ ಹಾಕಿದ ಆರೋಪದ ಮೇಲೆ ಮ್ಯಾಡಲೀನ್ ಸ್ಮಿತ್‌ಳ ವಿಚಾರಣೆ ಎಡಿನ್‌ಬರೋದಲ್ಲಿ ನಡೆಯಿತು. ಅವಳ ಮೇಲಿದ್ದ ಮೂರು ಆರೋಪಗಳಲ್ಲಿ ಮೊದಲನೆಯದಕ್ಕೆ ‘ನಾಟ್ ಗಿಲ್ಟಿ’, ಉಳಿದೆರಡಕ್ಕೆ ‘ನಾಟ್ ಪ್ರೂವನ್’. ಒಂದೇ ದಿನ, ಒಂದೇ ಜ್ಯೂರಿ, ಎರಡು ಪದ. ಕಾನೂನಿನ ಲೆಕ್ಕದಲ್ಲಿ ಎರಡೂ ಪೂರ್ತಿ ಬಿಡುಗಡೆಯೇ. ಜನರ ಬಾಯಲ್ಲಿ ಮಾತ್ರ ‘ನಾಟ್ ಪ್ರೂವನ್’ಗೆ ಅನುಮಾನ ಅಂಟಿಕೊಂಡೇ ಇರುತ್ತಿತ್ತು. ಹತ್ತು ಹನ್ನೆರಡು ಮನೆಯ ಹಳ್ಳಿಗೆ ಅಂಥ ತೀರ್ಪು ಹೊತ್ತು ಮರಳುವವನ ಪಾಡು ಯೋಚಿಸಿ. ನನ್ನ ಕಾದಂಬರಿಯ ಜೀವ ಇರುವುದೇ ಅಲ್ಲಿ.

‘ಅನುಮಾನದ ಬಿಡುಗಡೆ’ ಅಂತ ಒಬ್ಬರು ಸೂಚಿಸಿದರು. ಅದು ಜ್ಯೂರಿ ಬಾಯಿಬಿಟ್ಟು ಹೇಳದ್ದನ್ನು ಹೇಳಿಬಿಡುತ್ತದೆ. ಸದ್ಯ ನನ್ನ ಒಲವು ‘ರುಜುವಾತಾಗಿಲ್ಲ’ ಕಡೆಗೆ. ಹಳೆಯ ಕಾಗದಪತ್ರದ ವಾಸನೆ ಅದಕ್ಕಿದೆ, ಪತ್ರಿಕೆಯಲ್ಲಿ ಸವೆದು ಹೋಗಿಲ್ಲ. ಆದರೆ ಇಂದಿನ ಓದುಗರಿಗೆ ಇದೂ ‘ಸಾಬೀತಾಗಿಲ್ಲ’ ಅಂತಲೇ ಕೇಳಿಸುತ್ತದೆಯೋ?

ಉಳಿದ ಪದಗಳು ಇಷ್ಟು ಕಾಡಲಿಲ್ಲ. ತುಂಡು ಜಮೀನನ್ನು ಗೇಣಿಗೆ ಮಾಡುವ ಕ್ರಾಫ್ಟರ್‌ಗೆ ‘ಒಕ್ಕಲು’ ಅಂದೆ. ‘ಗೇಣಿದಾರ’ ಅನ್ನಬಹುದಿತ್ತು. ಆದರೆ ‘ಒಕ್ಕಲು’ ಜೊತೆಗೆ ‘ಒಕ್ಕಲೆಬ್ಬಿಸು’ ತಾನಾಗಿ ಬರುತ್ತದೆ, ಮತ್ತು ಈ ಜನರ ದೊಡ್ಡ ಭಯ ಅದೇ. ಅವರಲ್ಲಿ ಹೆಚ್ಚಿನವರ ಗೇಣಿ ವರ್ಷದಿಂದ ವರ್ಷಕ್ಕೆ. ಮನೆ ತಾವೇ ಕಟ್ಟಿಕೊಂಡಿದ್ದರೂ ಒಡೆಯ ಬಿಡು ಅಂದರೆ ಬಿಡಬೇಕು. 1886ರ ಕಾಯ್ದೆ ಬಂದ ಮೇಲೆ ಭೂಮಿಯ ಮೇಲೆ ಭದ್ರ ಹಕ್ಕು ಸಿಕ್ಕಿತು.

ಒಡೆಯನ ಪರವಾಗಿ ಗೇಣಿ ವಸೂಲಿ ಮಾಡುವ ಫ್ಯಾಕ್ಟರ್‌ಗೆ ‘ಪಾರುಪತ್ತೆಗಾರ’. ‘ಮ್ಯಾನೇಜರ್’ ಅಂದರೆ ಆ ದರ್ಪ ಬರುವುದಿಲ್ಲ. 1814ರಲ್ಲಿ ಸದರ್ಲೆಂಡಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಒಕ್ಕಲೆಬ್ಬಿಸುವಾಗ ಮನೆಗಳಿಗೆ ಬೆಂಕಿ ಬಿತ್ತು. ಅಲ್ಲಿನ ಫ್ಯಾಕ್ಟರ್ ಪ್ಯಾಟ್ರಿಕ್ ಸೆಲ್ಲರ್ ಮೇಲೆ ಸಾವಿಗೆ ಕಾರಣನಾದ ಆರೋಪ ಬಂತು. 1816ರಲ್ಲಿ ಇನ್ವರ್ನೆಸ್ ಕೋರ್ಟು ಅವನನ್ನು ಬಿಟ್ಟಿತು. ಇಂಥ ಹುದ್ದೆಗೆ ಇಂಗ್ಲಿಷ್ ಪದ ಹಾಕಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಹಳೆಯ ಕೋರ್ಟು ಕಡತಗಳ ಕನ್ನಡ ಬಲ್ಲವರು ‘ರುಜುವಾತಾಗಿಲ್ಲ’ ಬಗ್ಗೆ ಹೇಳಿ. ತೀರ್ಪು ಓದುವ ದೃಶ್ಯದಲ್ಲಿ ಅದು ಒಂದೇ ಪದವಾಗಿ, ಗಟ್ಟಿಯಾಗಿ ಬೀಳಬೇಕು.