ಮೂರು ರಾತ್ರಿಯ ಲಕ್ರಾಸ್ ಕ್ಯಾಂಪ್: 11 ವರ್ಷದ ಮಗನನ್ನು ಕಳಿಸುವ ಮುಂಚೆ ಏನೇನು ವಿಚಾರಿಸಬೇಕು?

ಎಡಿಸನ್_ನಿವಾಸಿ:

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗನಿಗೆ 11 ವರ್ಷ, ಟೌನ್ ಲೀಗ್‌ನಲ್ಲಿ ಎರಡು ಸೀಸನ್ ಲಕ್ರಾಸ್ (ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಆಟ) ಆಡಿದ್ದಾನೆ. ಜುಲೈನಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಕಾಲೇಜು ಕ್ಯಾಂಪಸ್‌ನಲ್ಲಿ ಭಾನುವಾರದಿಂದ ಬುಧವಾರದವರೆಗೆ ಕ್ಯಾಂಪ್ ಇದೆ. ಮೂರು ರಾತ್ರಿ ಡಾರ್ಮ್‌ನಲ್ಲೇ (ಕಾಲೇಜಿನ ಹಾಸ್ಟೆಲ್) ಉಳಿಯೋದು, ಫೀಸು 795 ಡಾಲರ್. "ನಿಮ್ಮ ಮಗನನ್ನು ವಿಶೇಷವಾಗಿ ಆಹ್ವಾನಿಸುತ್ತಿದ್ದೇವೆ" ಅಂತ ಹೆಡ್ ಕೋಚ್ ಹೆಸರಲ್ಲಿ ಈಮೇಲ್ ಬಂದಿದೆ.

ನಾವಿಬ್ಬರೂ ಕ್ರಿಕೆಟ್ ನೋಡಿ ಬೆಳೆದವರು, ಈ ಆಟದ ಸಾಮಾನಾಗಲಿ ಆಗುವ ಗಾಯಗಳಾಗಲಿ ಅಷ್ಟಾಗಿ ಗೊತ್ತಿಲ್ಲ. ದುಡ್ಡು ಕಟ್ಟುವ ಮುಂಚೆ ಕ್ಯಾಂಪ್‌ನವರನ್ನು ಏನು ಕೇಳಬೇಕು? ಅವನ ಅಣ್ಣ (ಚಿಕ್ಕಪ್ಪನ ಮಗ) ಆಡಿ ಬಿಟ್ಟ ಪ್ಯಾಡುಗಳು ಮನೆಯಲ್ಲಿವೆ, ಅವನ್ನೇ ಕೊಟ್ಟು ಕಳಿಸಬಹುದಾ? ಆ ಆಹ್ವಾನಕ್ಕೆ ಎಷ್ಟು ಬೆಲೆ ಕೊಡಬೇಕು?

---

ನರ್ಸಮ್ಮ_ವೂಸ್ಟರ್:

ಮೊದಲ ಫೋನ್ ಕರೆಯಲ್ಲೇ ಲೈಸೆನ್ಸ್ ಬಗ್ಗೆ ಕೇಳಿ. ಮ್ಯಾಸಚೂಸೆಟ್ಸ್‌ನಲ್ಲಿ ಮಕ್ಕಳ ಕ್ಯಾಂಪ್‌ಗೆ ಆಯಾ ಊರಿನ ಬೋರ್ಡ್ ಆಫ್ ಹೆಲ್ತ್ ಲೈಸೆನ್ಸ್ ಕೊಡುತ್ತೆ. ಸಿಬ್ಬಂದಿಯ ಹಿನ್ನೆಲೆ ತಪಾಸಣೆ, ಆರೋಗ್ಯ ವ್ಯವಸ್ಥೆ, ಶಿಸ್ತು, ದೂರು ಕೊಡುವ ಕ್ರಮ, ಇವುಗಳ ಲಿಖಿತ ನಿಯಮಾವಳಿಯನ್ನು ತಂದೆ ತಾಯಿ ಕೇಳಿದರೆ ತೋರಿಸಬೇಕು ಅನ್ನೋದು ಅಲ್ಲಿನ ನಿಯಮ. ಒಂದು ಈಮೇಲ್ ಹಾಕಿ ಕೇಳಿ ನೋಡಿ. ಸರಿಯಾಗಿ ನಡೆಸುವವರು ಅವತ್ತೋ ಮಾರನೇ ದಿನವೋ ಪಿಡಿಎಫ್ ಕಳಿಸುತ್ತಾರೆ. "ಅದೆಲ್ಲ ನಾವು ನೋಡಿಕೊಳ್ತೀವಿ, ಚಿಂತೆ ಮಾಡಬೇಡಿ" ಅಂದರೆ ನಾನಾಗಿದ್ದರೆ ದುಡ್ಡು ಕಟ್ಟಲ್ಲ.

ಕಾಲೇಜಿನ ಹೆಸರು ಬ್ಯಾನರ್ ಮೇಲಿದ್ದ ಮಾತ್ರಕ್ಕೆ ಕ್ಯಾಂಪ್ ಕಾಲೇಜಿನದ್ದೇ ಆಗಬೇಕಿಲ್ಲ. ಎಷ್ಟೋ ಕಡೆ ಕೋಚ್ ಅಥವಾ ಒಂದು ಖಾಸಗಿ ಕಂಪನಿ ಮೈದಾನ ಮತ್ತು ಡಾರ್ಮ್ ಬಾಡಿಗೆಗೆ ಹಿಡಿದಿರುತ್ತೆ. ಆಗ ಕಾಲೇಜಿನ ವಿಮೆಯಾಗಲಿ, ಕಾಲೇಜಿನ ಹೆಲ್ತ್ ಸೆಂಟರ್ ಆಗಲಿ ನಿಮ್ಮ ಮಗನ ಪಾಲಿಗೆ ಇಲ್ಲದಿರಬಹುದು. ಸಹಿ ಹಾಕುವ ವೇವರ್‌ನಲ್ಲಿ (ಗಾಯವಾದರೆ ದಾವೆ ಹೂಡಲ್ಲ ಅನ್ನುವ ಒಪ್ಪಿಗೆ ಪತ್ರ) ಯಾರ ಹೆಸರಿದೆ ಅಂತ ನೋಡಿದರೆ ನಿಜ ಗೊತ್ತಾಗುತ್ತೆ.

ಎರಡನೇದು ರಾತ್ರಿ. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಮಾನದಂಡದಲ್ಲಿ ರಾತ್ರಿ ಉಳಿಯುವ ಕ್ಯಾಂಪ್‌ಗೆ 9ರಿಂದ 14 ವರ್ಷದ ಎಂಟು ಮಕ್ಕಳಿಗೆ ಒಬ್ಬ ಸಿಬ್ಬಂದಿ, 15ರಿಂದ 18ರವರಿಗೆ ಹತ್ತಕ್ಕೆ ಒಬ್ಬ. ಹಗಲು ಮೈದಾನದ ತುಂಬ ಕೋಚ್‌ಗಳಿರುತ್ತಾರೆ, ಲೆಕ್ಕ ಸರಿಯಾಗೇ ಕಾಣುತ್ತೆ. ರಾತ್ರಿ ಅವರಲ್ಲಿ ಅರ್ಧ ಜನ ಮನೆಗೆ ಹೋಗಿರುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ಹೀಗೇ ಕೇಳಿ: ರಾತ್ರಿ 11 ಗಂಟೆಗೆ ನನ್ನ ಮಗ ಮಲಗುವ ಮಹಡಿಯಲ್ಲಿ ಎಷ್ಟು ಜನ ದೊಡ್ಡವರಿರುತ್ತಾರೆ, ಅವರ ವಯಸ್ಸೆಷ್ಟು, ಎಚ್ಚರವಾಗಿರುವವರು ಯಾರು? 11 ವರ್ಷದವರ ಮಹಡಿಯಲ್ಲೇ 17ರ ಹುಡುಗರನ್ನೂ ಹಾಕ್ತಾರಾ? ಬಚ್ಚಲಿಗೆ ಸರದಿ ಸಮಯ ಬೇರೆ ಬೇರೆ ಇದೆಯಾ? ಕೋಚ್ ಒಬ್ಬನೇ ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರುವ ಪರಿಸ್ಥಿತಿ ಬರಲೇಬಾರದು. ಬೇರೆಯವರ ಕಣ್ಣಿಗೆ ಬೀಳುವಂತೆ, ಯಾರಾದರೂ ನಡುವೆ ಬರಬಹುದಾದ ಜಾಗದಲ್ಲೇ ಮಾತಾಡಬೇಕು. ಇದನ್ನು ಮಗನಿಗೂ ನೇರವಾಗಿ ಹೇಳಿ. ಕ್ರೀಡೆಯಲ್ಲಿ ನಡೆಯುವ ದೌರ್ಜನ್ಯದ ದೂರು ನೋಡುವ ಯು.ಎಸ್. ಸೆಂಟರ್ ಫಾರ್ ಸೇಫ್‌ಸ್ಪೋರ್ಟ್ ಶಿಸ್ತು ಕ್ರಮಕ್ಕೆ ಒಳಗಾದವರ ಪಟ್ಟಿಯನ್ನು ಸಾರ್ವಜನಿಕವಾಗಿ ಇಟ್ಟಿದೆ, ಹೆಸರು ಹಾಕಿ ಹುಡುಕಬಹುದು. ಆದರೆ ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ತಪಾಸಣೆ ಆಗಿದೆ ಅಂತ ಅರ್ಥವಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಸಿಬ್ಬಂದಿಗೆ ಕೋರಿ ಮತ್ತು ಸೋರಿ ಎಂಬ ಎರಡು ತಪಾಸಣೆ ಆಗಿರಬೇಕು: ಮೊದಲನೇದು ಅಪರಾಧ ದಾಖಲೆಯದು, ಎರಡನೇದು ಲೈಂಗಿಕ ಅಪರಾಧಿಗಳ ದಾಖಲೆಯದು. "ಎರಡೂ ಆಗಿದೆಯಾ" ಅಂತ ಆ ಹೆಸರು ಹಿಡಿದೇ ಕೇಳಿ.

ಮೂರನೇದು ಮೈದಾನದ ಪಕ್ಕ ಯಾರಿರುತ್ತಾರೆ. ಲಕ್ರಾಸ್‌ಗೆ ಬೇಕಾದವರು ಅಥ್ಲೆಟಿಕ್ ಟ್ರೇನರ್. ವ್ಯಾಯಾಮ ಮಾಡಿಸುವ ಪರ್ಸನಲ್ ಟ್ರೇನರ್ ಬೇರೆ, ಇವರು ಬೇರೆ. ಗಾಯ ಗುರುತಿಸೋದೇ ಇವರ ವೃತ್ತಿ. ತಲೆಗೆ ಪೆಟ್ಟು ಬಿದ್ದು ಕನ್ಕಷನ್ (ಮೆದುಳಿಗೆ ಆದ ಆಘಾತ) ಅನ್ನುವ ಅನುಮಾನ ಬಂದರೆ ಅವತ್ತು ಮತ್ತೆ ಆಡಿಸಕೂಡದು, ವೈದ್ಯರ ಒಪ್ಪಿಗೆ ಸಿಕ್ಕಿದ ಮೇಲೇ ಹಂತ ಹಂತವಾಗಿ ಮರಳಬೇಕು. ಮಕ್ಕಳು ಆಟ ತಪ್ಪುತ್ತೆ ಅಂತ ತಲೆನೋವನ್ನು ಮುಚ್ಚಿಡುತ್ತಾರೆ. ತಲೆನೋವು, ವಾಕರಿಕೆ, ಬೆಳಕು ಸಹಿಸಲಾಗದೆ ಕಣ್ಣು ಮುಚ್ಚಿಕೊಳ್ಳೋದು, ಈ ಮೂರನ್ನಾದರೂ ಹೇಳಲೇಬೇಕು ಅಂತ ಮನೆಯಲ್ಲೇ ತಲೆಗೆ ತುಂಬಿ.

ಬಿಸಿಲು ಇನ್ನೊಂದು. ಕೃತಕ ಹುಲ್ಲಿನ ಮೈದಾನ ಸುತ್ತಲಿನ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತೆ, ಮೇಲೆ ಹೆಲ್ಮೆಟ್ಟು, ಪ್ಯಾಡು. ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು, ಕ್ಯಾಂಪ್ ಇರೋದೇ ನಾಲ್ಕು ದಿನ. ಅದಕ್ಕೇ ತೊಂದರೆ ಹೆಚ್ಚಾಗಿ ಮೊದಲ ಎರಡು ದಿನದಲ್ಲೇ ಆಗೋದು. ಹತ್ತು ದಿನ ಮುಂಚಿನಿಂದ ದಿನಾ ಮಧ್ಯಾಹ್ನದ ಹೊತ್ತು ಅರ್ಧ ಗಂಟೆ ಹೊರಗೆ ಓಡಾಡಿಸಿ, ಮೆಲ್ಲಗೆ ಒಂದು ಗಂಟೆಗೆ ಏರಿಸಿ, ಕೊನೆಯ ಮೂರು ದಿನ ಪ್ಯಾಡ್ ಹಾಕಿಸಿ. ಕ್ಯಾಂಪ್‌ನವರಿಗೆ ಕೇಳಬೇಕಾದ್ದು: ಐಸ್ ನೀರಿನ ಟಬ್ ಮೈದಾನದ ಹತ್ತಿರ ಇರುತ್ತಾ? ಆಟದ ನಡುವೆ ಹೀಟ್ ಸ್ಟ್ರೋಕ್ ಆದರೆ ಮೊದಲು ಮುಳುಗಿಸಿ ತಣ್ಣಗೆ ಮಾಡಬೇಕು, ಆಮೇಲೆ ಆಸ್ಪತ್ರೆಗೆ ಸಾಗಿಸಬೇಕು. ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಎಲ್ಲಿದೆ ಅನ್ನೋದನ್ನೂ ಕೇಳಿ. "ಜಿಮ್ ಆಫೀಸ್‌ನಲ್ಲಿ, ಬೀಗ ಹಾಕಿದೆ" ಅನ್ನೋದು ಉತ್ತರವೇ ಅಲ್ಲ.

ಕಾಗದ ಪತ್ರ: 18 ತಿಂಗಳೊಳಗಿನ ವೈದ್ಯಕೀಯ ಪರೀಕ್ಷೆಯ ವರದಿ, ಲಸಿಕೆ ದಾಖಲೆ, ಇನ್ಶೂರೆನ್ಸ್ ಕಾರ್ಡಿನ ಎರಡೂ ಬದಿಯ ನಕಲು. ಬೇಸಿಗೆಯಲ್ಲಿ ಮಕ್ಕಳ ವೈದ್ಯರ ಅಪಾಯಿಂಟ್‌ಮೆಂಟ್ ಬೇಗ ಸಿಗಲ್ಲ, ಮೇ ತಿಂಗಳಲ್ಲೇ ಮಾಡಿಸಿ. ಔಷಧ ಇದ್ದರೆ ಫಾರ್ಮಸಿ ಲೇಬಲ್ ಇರುವ ಮೂಲ ಡಬ್ಬಿಯಲ್ಲೇ ಕೊಡಿ. ಊರಿನಿಂದ ತಂದ ಮಾತ್ರೆ, ಮನೆಮದ್ದನ್ನು ಜಿಪ್‌ಲಾಕ್ ಚೀಲದಲ್ಲಿ ಹಾಕಿ ಕೊಟ್ಟರೆ ನರ್ಸ್ ತಗೊಳ್ಳೋದೇ ಇಲ್ಲ. ಆಸ್ತಮಾ ಇನ್‌ಹೇಲರ್ ಅಥವಾ ಎಪಿಪೆನ್ (ತೀವ್ರ ಅಲರ್ಜಿಗೆ ಕೊಡುವ ಸೂಜಿಮದ್ದು) ಇದ್ದರೆ ಅದು ಡಾರ್ಮ್‌ನಲ್ಲಲ್ಲ, ಮೈದಾನದಲ್ಲಿ ಇರಬೇಕು. ಮತ್ತೆ ಆ ಸೀಮೆಯಲ್ಲಿ ಉಣ್ಣೆ ಹುಳುವಿನ (ಟಿಕ್) ಕಾಟ, ಅದು ಕಚ್ಚಿದರೆ ಬರುವ ಲೈಮ್ ಕಾಯಿಲೆ ಇದೆ. ಕಾಡಂಚಿನ ಮೈದಾನವಾದರೆ ದಿನಾ ಸ್ನಾನದ ಹೊತ್ತಿಗೆ ಮಂಡಿಯ ಹಿಂಭಾಗ, ಕಂಕುಳು, ಸೊಂಟ, ಕೂದಲಿನ ಅಂಚು ನೋಡಿಕೊಳ್ಳೋದನ್ನು ಹೇಳಿಕೊಡಿ.

---

ಗೋಲ್_ಹಿಂದಿನ_ಗೋಡೆ:

ಪ್ಯಾಡ್ ಪ್ರಶ್ನೆಗೆ ನೇರ ಉತ್ತರ: ಅಣ್ಣನ ಶೋಲ್ಡರ್ ಪ್ಯಾಡ್ (ಭುಜದ ಜೊತೆ ಎದೆಯನ್ನೂ ಮುಚ್ಚುವಂಥದ್ದು) ಹಳೇದಾಗಿದ್ದರೆ ಕೊಡಬೇಡಿ. ಲಕ್ರಾಸ್ ಚೆಂಡು ಗಟ್ಟಿ ರಬ್ಬರ್, ತೂಕ 142ರಿಂದ 149 ಗ್ರಾಂ, ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ ಅಷ್ಟೇ. ಅದು ಎದೆಗೆ ಬಡಿದಾಗ, ಹೃದಯದ ಬಡಿತದ ಚಕ್ರದಲ್ಲಿ ಕ್ಷಣಕ್ಕಿಂತ ಚಿಕ್ಕ ಒಂದು ಹಂತಕ್ಕೆ ಪೆಟ್ಟು ಸರಿಯಾಗಿ ಕೂತರೆ, ಆರೋಗ್ಯವಾದ ಹೃದಯವೂ ಲಯ ತಪ್ಪಿ ನಿಂತುಬಿಡಬಹುದು. ಕಮೋಷಿಯೋ ಕಾರ್ಡಿಸ್ ಅಂತಾರೆ. ಅಪರೂಪ, ಆದರೆ ಎದೆಗೂಡು ಇನ್ನೂ ಮೆತ್ತಗಿರುವ ಮಕ್ಕಳಲ್ಲೇ ಹೆಚ್ಚು. ಇದಕ್ಕಾಗಿಯೇ ಆಟದ ಸಾಮಾನಿನ ಸುರಕ್ಷತಾ ಮಾನದಂಡ ಮಾಡುವ ನಾಕ್ಸಿ (NOCSAE) ಸಂಸ್ಥೆ ಎನ್‌ಡಿ200 ಅನ್ನುವ ಮಾನದಂಡ ತಂದಿತು. ಗೋಲ್‌ಕೀಪರ್‌ಗಳಿಗೆ 2021ರ ಜನವರಿಯಿಂದ, ಉಳಿದ ಹುಡುಗರಿಗೆ 2022ರ ಜನವರಿಯಿಂದ ಅದು ಕಡ್ಡಾಯ. ಪ್ಯಾಡಿನ ಮೇಲೆ ನಾಕ್ಸಿ ಮುದ್ರೆ, ಎನ್‌ಡಿ200 ಎಂಬ ಬರಹ ಹುಡುಕಿ. ಇಲ್ಲದಿದ್ದರೆ ಅದು ಹಳೇ ಮಾಲು, ನೋಡಲು ಎಷ್ಟೇ ದಪ್ಪವಿದ್ದರೂ ಪ್ರಯೋಜನವಿಲ್ಲ.

ಮುದ್ರೆ ಇದ್ದರೂ ಅಳತೆ ನೋಡಿ. "ಮುಂದಿನ ವರ್ಷಕ್ಕೂ ಆಗಲಿ" ಅಂತ ಒಂದು ಸೈಜ್ ದೊಡ್ಡದು ಕೊಡೋದು ನಮ್ಮವರ ಅಭ್ಯಾಸ, ಶಾಲೆಯ ಯೂನಿಫಾರ್ಮ್‌ಗೆ ಅದು ಸರಿ. ಇಲ್ಲಿ ಹೃದಯದ ಮೇಲಿನ ಫಲಕ ಓಡುವಾಗ ಪಕ್ಕಕ್ಕೆ ಸರಿಯುತ್ತೆ. ಪ್ಯಾಡ್ ಹಾಕಿಸಿ ಎರಡೂ ಕೈ ಮೇಲೆತ್ತಿಸಿ, ಸೊಂಟ ತಿರುಗಿಸಲು ಹೇಳಿ. ಫಲಕ ಎದೆಯ ಎಡ ಮಧ್ಯಭಾಗ ಬಿಟ್ಟು ಹೋದರೆ ಬೇಡ.

ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಹಿಡಿದು ಅಲ್ಲಾಡಿಸಿದಾಗ ಹಣೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು, ಹೆಲ್ಮೆಟ್ ಮಾತ್ರ ತಿರುಗಿದರೆ ಸಡಿಲ. ಗಲ್ಲದ ಪಟ್ಟಿಯ ನಾಲ್ಕೂ ಗುಂಡಿ ಹಾಕಿಯೇ ನೋಡಿ. ಕ್ರಿಕೆಟ್‌ನಲ್ಲಿ ಗಾರ್ಡ್ ಅಂತೀವಲ್ಲ, ಅದನ್ನೂ ಮರೆಯಬೇಡಿ, ಇಲ್ಲಿ ಮಕ್ಕಳು ಹಾಕಿಕೊಳ್ಳದೇ ತಪ್ಪಿಸಿಕೊಳ್ಳುತ್ತಾರೆ. ಮೌತ್‌ಗಾರ್ಡ್ ಎರಡು ಕಳಿಸಿ, ಒಂದು ಹೇಗೂ ಕಳೆಯುತ್ತೆ. ಹಲ್ಲಿಗೆ ಕ್ಲಿಪ್ ಹಾಕಿಸಿದ್ದರೆ ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಸಾಮಾನ್ಯ ಮಾದರಿ ಬೇಡ, ಅದು ಕ್ಲಿಪ್ಪಿಗೇ ಅಚ್ಚಾಗಿ ಹಿಡಿದುಕೊಳ್ಳುತ್ತೆ. ಬ್ರೇಸ್‌ಗೆಂದೇ ಮಾಡಿದ ಸಿಲಿಕಾನ್‌ನದ್ದು ಸಿಗುತ್ತೆ.

ಸ್ಟಿಕ್ ಬಗ್ಗೆ ಒಂದೇ ಮಾತು: ಕ್ಯಾಂಪ್‌ಗೆಂದು ಹೊಸದು ಕೊಡಿಸಿ ಹಾಗೇ ಕಳಿಸಬೇಡಿ. ಹೊಸ ಬಲೆ ಬಿಗಿಯಾಗಿರುತ್ತೆ, ಚೆಂಡು ನಿಲ್ಲದೆ ಪುಟಿಯುತ್ತೆ, ಇಡೀ ಮೊದಲ ದಿನ ಹುಡುಗ ಸ್ಟಿಕ್ ಜೊತೆ ಗುದ್ದಾಡೋದರಲ್ಲೇ ಕಳೆಯುತ್ತೆ. ಕೊಳ್ಳುವುದಾದರೆ ಮೂರು ವಾರ ಮುಂಚೆ ಕೊಂಡು ದಿನಾ ಗೋಡೆಗೆ ನೂರು ಎಸೆತ, ಎಡಗೈ ಬಲಗೈ ಎರಡರಲ್ಲೂ. ಬಲೆ ಸಡಿಲಾಗಿ ಜೋಲುವುದೂ ತಪ್ಪು. ಸ್ಟಿಕ್ಕನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಚೆಂಡಿಟ್ಟು ನೋಡಿ. ಚೆಂಡಿನ ನೆತ್ತಿ ಪ್ಲಾಸ್ಟಿಕ್ ಅಂಚಿನ ಕೆಳಗಿನ ಗೆರೆಗಿಂತ ಕೆಳಗಿಳಿದರೆ ಹುಡುಗರ ಆಟದಲ್ಲಿ ಅದು ನಿಯಮಬಾಹಿರ. ಕೋಲಿನ ತುದಿಯ ರಬ್ಬರ್ ಬಿರಡೆ ಎರಡನೇ ದಿನಕ್ಕೇ ಉದುರಿಹೋಗುತ್ತೆ, ತೆರೆದ ಕೊಳವೆಯ ತುದಿ ಇನ್ನೊಬ್ಬನ ಮೈಗೆ ತಾಗಿದರೆ ಕೊಯ್ಯುತ್ತೆ, ಹಾಗಾಗಿ ಆಡಲು ಬಿಡಲ್ಲ. ಬಿರಡೆಯನ್ನೂ ಸೇರಿಸಿ ಬಟ್ಟೆ ಟೇಪಿನಿಂದ ಏಳೆಂಟು ಸುತ್ತು ಬಿಗಿಯಾಗಿ ಸುತ್ತಿಬಿಡಿ, ಕಣ್ಣಿಗೆ ಹೊಡೆಯುವ ಬಣ್ಣದ್ದಾದರೆ ಗುರುತಿಗೂ ಆಯಿತು. ನೂರಾರು ಸ್ಟಿಕ್‌ಗಳ ರಾಶಿಯಲ್ಲಿ ಅಳಿಸಿಹೋಗುವ ಮಾರ್ಕರ್ ಹೆಸರಿಗಿಂತ ಹಳದಿ ಟೇಪು ಬೇಗ ಕಾಣುತ್ತೆ.

ಬೂಟು ಹೊಸದಾಗಿದ್ದರೆ ಬೊಬ್ಬೆ ಗ್ಯಾರಂಟಿ. ದಿನಕ್ಕೆ ಮೂರು ಹೊತ್ತು ಆಡುವಾಗ ಕಾಲುಚೀಲ ದಿನಕ್ಕೆ ಮೂರು ಜೊತೆ ಬೇಕು. ಒಂದು ಸಣ್ಣ ಟೇಬಲ್ ಫ್ಯಾನ್ ಖಂಡಿತ ಕಳಿಸಿ. ಹಳೇ ಡಾರ್ಮ್‌ಗಳಲ್ಲಿ ಎಸಿ ಇರಲ್ಲ, ಜೊತೆಗೆ ರಾತ್ರಿ ಗ್ಲೌಸ್ ಬಾಯಿ ಅಗಲಿಸಿ ಅದರ ಮುಂದಿಟ್ಟರೆ ಬೆಳಗ್ಗೆಗೆ ಒಣಗುತ್ತೆ. ಒದ್ದೆ ಗ್ಲೌಸ್ ಬ್ಯಾಗಿನಲ್ಲೇ ಬಿಟ್ಟರೆ ನಾತ ಮಾತ್ರವಲ್ಲ, ಚರ್ಮದ ಸೋಂಕೂ ಬರುತ್ತೆ. ಟವೆಲ್, ಪ್ಯಾಡ್ ಯಾರ ಜೊತೆಯೂ ಹಂಚಿಕೊಳ್ಳಬಾರದು.

(ಹೆಣ್ಣುಮಕ್ಕಳನ್ನು ಕಳಿಸುವವರು ಇದನ್ನು ಓದುತ್ತಿದ್ದರೆ: ಅವರ ಆಟದ ನಿಯಮ ಬೇರೆ. ಕಣ್ಣಿಗೆ ತಂತಿಯ ಗಾಗಲ್ಸ್, ಮೌತ್‌ಗಾರ್ಡ್, ಸ್ಟಿಕ್ ಇಷ್ಟು ಮುಖ್ಯ. ಸ್ಟಿಕ್ಕಿನ ಬಲೆಯ ಆಳದ ನಿಯಮವೂ ಬೇರೆ, ಅಣ್ಣತಮ್ಮಂದಿರ ಸ್ಟಿಕ್ ನಡೆಯಲ್ಲ.)

---

ಲೆಕ್ಕಪತ್ರ:

ಆಹ್ವಾನದ ಬಗ್ಗೆ. ಕಾಲೇಜು ಕೋಚ್‌ಗಳು ನಡೆಸುವ ಕ್ಯಾಂಪ್ ಎಲ್ಲರಿಗೂ ತೆರೆದಿರಬೇಕು, ವಯಸ್ಸು, ತರಗತಿ, ಲಿಂಗ, ಒಟ್ಟು ಸಂಖ್ಯೆ ಇಷ್ಟನ್ನೇ ಮಿತಿ ಮಾಡಬಹುದು ಅನ್ನೋದು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ನಿಯಮ. ಅಂದರೆ "ವಿಶೇಷ ಆಹ್ವಾನ" ಅನ್ನೋದು ಈಮೇಲ್ ಪಟ್ಟಿಯಲ್ಲಿರುವ ಎಲ್ಲರಿಗೂ ಹೋದ ಜಾಹೀರಾತು. ಜೊತೆಗೆ 2017ರಲ್ಲಿ ಬಂದ ನಿಯಮದ ಪ್ರಕಾರ, ಹುಡುಗ 11ನೇ ತರಗತಿಗೆ ಬಂದ ವರ್ಷದ ಸೆಪ್ಟೆಂಬರ್ 1ರವರೆಗೆ ಡಿವಿಷನ್ 1 (ಎನ್‌ಸಿಎಎಯ ಮೇಲಿನ ದರ್ಜೆ) ಕಾಲೇಜುಗಳ ಲಕ್ರಾಸ್ ಕೋಚ್‌ಗಳು ಅವನ ಜೊತೆಯಾಗಲಿ ಮನೆಯವರ ಜೊತೆಯಾಗಲಿ ಕಾಲೇಜು ತಂಡದ ಸೇರ್ಪಡೆಯ ಮಾತಾಡುವಂತಿಲ್ಲ. ನಿಮ್ಮ ಮಗನಿಗೆ 11 ವರ್ಷ. ಆಟ ಕಲಿಯಲು, ಗೆಳೆಯರ ಜೊತೆ ನಾಲ್ಕು ದಿನ ಕಳೆಯಲು ಕಳಿಸಿ. ಸ್ಕಾಲರ್‌ಶಿಪ್ ಲೆಕ್ಕಕ್ಕೆ ಬೇಡ.

ತೆರಿಗೆಯಲ್ಲಿ ಬಹಳ ಜನ ಎಡವುವ ಜಾಗ ಇದು: ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ, 13 ತುಂಬದ ಮಗುವಿನ ಡೇ ಕ್ಯಾಂಪ್ ಖರ್ಚಿಗೆ ಚೈಲ್ಡ್ ಅಂಡ್ ಡಿಪೆಂಡೆಂಟ್ ಕೇರ್ ಕ್ರೆಡಿಟ್ ಅನ್ನುವ ತೆರಿಗೆ ರಿಯಾಯಿತಿ ಸಿಗಬಹುದು, ರಾತ್ರಿ ಉಳಿಯುವ ಕ್ಯಾಂಪ್‌ಗೆ ಸಿಗಲ್ಲ. ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ (ಮಕ್ಕಳ ಆರೈಕೆಗೆಂದು ತೆರಿಗೆ ಇಲ್ಲದೆ ಸಂಬಳದಿಂದ ಎತ್ತಿಡುವ ಖಾತೆ) ದುಡ್ಡನ್ನೂ ಇದಕ್ಕೆ ಬಳಸುವಂತಿಲ್ಲ. 795 ಪೂರ್ತಿ ನಿಮ್ಮ ಜೇಬಿನದೇ ಅಂತ ಲೆಕ್ಕ ಹಾಕಿ.

ಹಲವು ಕ್ಯಾಂಪ್‌ಗಳು ಈ ಆಟದ ರಾಷ್ಟ್ರೀಯ ಸಂಸ್ಥೆಯಾದ ಯುಎಸ್‌ಎ ಲಕ್ರಾಸ್ ಸದಸ್ಯತ್ವ ಸಂಖ್ಯೆ ಕೇಳುತ್ತವೆ. ವಸಂತದ ಸೀಸನ್‌ಗೆ ಮಾಡಿಸಿದ್ದು ಜುಲೈವರೆಗೆ ಇರುತ್ತಾ ಅಂತ ಮುಕ್ತಾಯದ ದಿನಾಂಕ ನೋಡಿ. ಅದರ ಜೊತೆ ಬರುವ ಅಪಘಾತ ವಿಮೆ ನಿಮ್ಮ ಮನೆಯ ಇನ್ಶೂರೆನ್ಸ್ ಕೊಟ್ಟು ಮುಗಿದ ಮೇಲಿನ ಬಾಕಿಗೆ. ನಿಮ್ಮದು ನ್ಯೂಜೆರ್ಸಿಯ ಎಚ್‌ಎಂಒ (ಗೊತ್ತುಮಾಡಿದ ವೈದ್ಯರಲ್ಲೇ ತೋರಿಸಬೇಕಾದ ಇನ್ಶೂರೆನ್ಸ್) ಆದರೆ ಮ್ಯಾಸಚೂಸೆಟ್ಸ್‌ನಲ್ಲಿ ತುರ್ತು ಚಿಕಿತ್ಸೆ ಬಿಟ್ಟು ಬೇರೆ ಏನು ಸಿಗುತ್ತೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ರದ್ದತಿ ನಿಯಮವನ್ನೂ ಓದಿ: ಜೂನ್‌ನಲ್ಲಿ ಕೈ ಮುರಿದರೆ ವೈದ್ಯರ ಚೀಟಿಗೆ ದುಡ್ಡು ವಾಪಸ್ಸಾ, ಮುಂದಿನ ವರ್ಷಕ್ಕೆ ಜಮೆಯಾ, ಎರಡೂ ಇಲ್ಲವಾ?

---

ಎಡಿಸನ್_ನಿವಾಸಿ:

ತುಂಬಾ ಉಪಕಾರವಾಯ್ತು. ಪ್ಯಾಡ್ ತೆಗೆದು ನೋಡಿದೆ, ಎನ್‌ಡಿ200 ಎಲ್ಲೂ ಇಲ್ಲ. ಹೊಸದು ತರ್ತೀವಿ. ಇನ್ನೆರಡು ವಿಷಯ: ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಮತ್ತೆ ಕ್ಯಾಂಪ್‌ನವರು ಫೋನ್ ತೆಗೆದಿಟ್ಟುಕೊಳ್ತಾರಂತೆ. ಅವನು ಇದುವರೆಗೆ ನಮ್ಮನ್ನು ಬಿಟ್ಟು ಮಲಗಿದ್ದೇ ಇಲ್ಲ.

---

ನರ್ಸಮ್ಮ_ವೂಸ್ಟರ್:

ಊಟ: ಫಾರ್ಮ್‌ನಲ್ಲಿ "ವೆಜಿಟೇರಿಯನ್" ಅಂತ ಮಾತ್ರ ಬರೆದರೆ ಮೊಟ್ಟೆ ಬಂದೇ ಬರುತ್ತೆ. ಮಾಂಸ, ಮೀನು, ಕೋಳಿ, ಮೊಟ್ಟೆ, ಜೆಲಟಿನ್, ಮಾಂಸದ ಸ್ಟಾಕ್ ಬೇಡ, ಹಾಲು ಮೊಸರು ಚೀಸ್ ಆಗುತ್ತೆ ಅಂತ ಬಿಡಿಸಿ ಬರೆಯಿರಿ. ಮಗನಿಗೂ ಹೇಳಿಕೊಡಿ: ಅನ್ನ ಮತ್ತು ತರಕಾರಿ ಸೂಪನ್ನು ಕೋಳಿ ಸ್ಟಾಕ್‌ನಲ್ಲಿ ಮಾಡಿರಬಹುದು, ರೀಫ್ರೈಡ್ ಬೀನ್ಸ್‌ನಲ್ಲಿ ಹಂದಿ ಕೊಬ್ಬು ಇರಬಹುದು, ಮಾರ್ಷ್‌ಮ್ಯಾಲೋ ಮತ್ತು ಜೆಲ್ಲೋದಲ್ಲಿ ಜೆಲಟಿನ್ ಇರುತ್ತೆ. ಬರೀ ಚಿಪ್ಸು, ಹಣ್ಣು ತಿಂದುಕೊಂಡು ದಿನಕ್ಕೆ ಮೂರು ಹೊತ್ತು ಆಡಿದರೆ ಮೂರನೇ ದಿನ ಕುಸಿಯುತ್ತಾನೆ. ಹಾಲು, ಮೊಸರು, ಕಡಲೆಕಾಳು, ಪಾಸ್ತಾ, ಚೀಸ್ ಹಾಕಿದ ಬ್ರೆಡ್ ಪ್ರತಿ ಊಟಕ್ಕೂ ತಗೋ ಅನ್ನಿ.

ಕುರುಕು ತಿಂಡಿ ಕಳಿಸುವ ಮುಂಚೆ ಕ್ಯಾಂಪ್‌ನಲ್ಲಿ ಕಡಲೆಕಾಯಿ ನಿಷೇಧವಿದೆಯಾ ಅಂತ ಕೇಳಿ. ಚಿಕ್ಕಿ ಗೊತ್ತೇ ಇದೆ, ಆದರೆ ನಿಪ್ಪಟ್ಟು, ಒಗ್ಗರಣೆ ಅವಲಕ್ಕಿ, ಎಷ್ಟೋ ಮನೆಯ ಚಟ್ನಿಪುಡಿ, ಇವೆಲ್ಲದರಲ್ಲೂ ಕಡಲೆಕಾಯಿ ಬೀಜ ಇರುತ್ತೆ. ಪಕ್ಕದ ಹಾಸಿಗೆಯ ಮಗುವಿಗೆ ಅಲರ್ಜಿ ಇದ್ದರೆ ಜೀವಕ್ಕೇ ಅಪಾಯ. ಮನೆಯಲ್ಲಿ ಮಾಡಿದ ಚಕ್ಕುಲಿ ಆಗಬಹುದು, ಕಡಲೆಕಾಯಿ ಎಣ್ಣೆಯಲ್ಲಿ ಕರಿದಿರಬಾರದು ಅಷ್ಟೇ.

ಮನೆ ನೆನಪಿಗೆ ಈಗಿನಿಂದಲೇ ಶುರು ಮಾಡಿ. ಜೂನ್‌ನಲ್ಲಿ ಗೆಳೆಯನ ಮನೆಯಲ್ಲೋ ನೆಂಟರ ಮನೆಯಲ್ಲೋ ಸತತ ಎರಡು ರಾತ್ರಿ ಬಿಡಿ, ಫೋನ್ ಮಾಡಬೇಡಿ. ಹಾಸಿಗೆ ಹಾಸೋದು, ತಲೆಗೆ ತಾನೇ ಸ್ನಾನ ಮಾಡಿಕೊಳ್ಳೋದು, ಒದ್ದೆ ಬಟ್ಟೆ ಹರವೋದು ಬರಬೇಕು. "ಬೇಜಾರಾದರೆ ಫೋನ್ ಮಾಡು, ತಕ್ಷಣ ಬಂದು ಕರ್ಕೊಂಡು ಹೋಗ್ತೀವಿ" ಅಂತ ಮಾತ್ರ ಹೇಳಬೇಡಿ. ಆಮೇಲೆ ಅವನ ಗಮನ ಪೂರ್ತಿ ಆ ಫೋನಿನ ಮೇಲೇ ಇರುತ್ತೆ. ಬದಲಿಗೆ, ರಾತ್ರಿ ಅಳು ಬಂದರೆ ಮಹಡಿಯ ಕೌನ್ಸೆಲರ್ ಬಾಗಿಲು ತಟ್ಟು ಅನ್ನಿ, ಆ ಕೋಣೆ ಯಾವುದು ಅಂತ ಮೊದಲ ದಿನವೇ ಅವನ ಜೊತೆ ಹೋಗಿ ನೋಡಿ ಬನ್ನಿ. ಕ್ಲಬ್‌ನ ಗೆಳೆಯನ ಜೊತೆ ಕೋಣೆ ಬೇಕಿದ್ದರೆ ಇಬ್ಬರ ಫಾರ್ಮ್‌ನಲ್ಲೂ ಇಬ್ಬರ ಹೆಸರಿರಬೇಕು, ಒಬ್ಬರೇ ಬರೆದರೆ ಸಾಮಾನ್ಯವಾಗಿ ಕೊಡಲ್ಲ.

ಬುಧವಾರ ಕರೆದುಕೊಂಡು ಬರಲು ಯಾರು ಹೋಗುತ್ತೀರೋ ಅವರ ಹೆಸರನ್ನು ಈಗಲೇ ಫಾರ್ಮ್‌ನಲ್ಲಿ ಬರೆದಿಡಿ. ಊರಿನಿಂದ ಬಂದಿರುವ ಅಜ್ಜ ಅಜ್ಜಿಯೂ ಜೊತೆಗೆ ಹೋಗುವುದಾದರೆ ಅವರ ಪಾಸ್‌ಪೋರ್ಟ್ ಇರಲಿ. ಫೋಟೋ ಇರುವ ಗುರುತಿನ ಚೀಟಿ ಇಲ್ಲದವರ ಕೈಗೆ, ಮಗು "ಇವರು ನಮ್ಮಜ್ಜ" ಅಂದರೂ, ಒಳ್ಳೆಯ ಕ್ಯಾಂಪ್‌ನವರು ಮಗುವನ್ನು ಕೊಡಲ್ಲ.